ಮಡಿನೀರಿನ ಒಂದು ಹನಿ

ಮ್ಯಾಟ್ರಿಕ್‌ಗೆ ಎರಡು ವರ್ಷ ಮೊದಲು, ಧಾರವಾಡದ ನಮ್ಮ ಹೈಸ್ಕೂಲಿನಲ್ಲಿ ಸಾಯನ್ಸ್ ಬೇಕೋ ಸಂಸ್ಕೃತ ಬೇಕೋ ಎಂದು ಹೇಳಬೇಕಿತ್ತು. ಸಾಯನ್ಸಿಗೆ ಹೆಸರು ಕೊಟ್ಟವರು ಮೂವತ್ತು ಜನ, ಪ್ರಯೋಗಶಾಲೆಯಲ್ಲಿ ಇದ್ದ ಸ್ಟೂಲುಗಳು ಹನ್ನೆರಡು. ಹುಡುಗಿ ನಾನೊಬ್ಬಳೇ. ಗಣಿತದಲ್ಲಿ ನನ್ನ ಮಾರ್ಕು ನಾಲ್ಕು ಜನರೆದುರು ಹೇಳಿಕೊಳ್ಳುವ ಹಾಗಿರಲಿಲ್ಲ. ಮಾರ್ಕು ನೋಡಿ ಆರಿಸಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ ಸಾಯನ್ಸ್ ಸರ್ ಸ್ವಲ್ಪ ವಿಚಿತ್ರದ ಮನುಷ್ಯ.

"ಬಾಯಿಪಾಠ ಮಾಡಿದ್ರ ಮಾರ್ಕು ಯಾರಿಗಾದ್ರೂ ಬೀಳ್ತಾವ. ಯಾರಿಗೆ ಆಸಕ್ತಿ ಎಷ್ಟದ, ಅದನ್ನ ನಾ ಅಳೀತೇನಿ" ಎಂದರು.

ಸೂಕ್ಷ್ಮದರ್ಶಕದಡಿ ಕೆರೆನೀರಿನ ಹನಿಯೊಂದನ್ನು ಇಟ್ಟು, ಜೇಬುಗಡಿಯಾರ ಹಿಡಿದು ಪಕ್ಕದಲ್ಲಿ ನಿಂತರು. ಯಾರು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಅವರ ಆಸಕ್ತಿ. ಇದು ಗುಟ್ಟಾಗಿರಬೇಕಿತ್ತು, ಆದರೆ ಎರಡನೆಯ ಹುಡುಗನಿಗೇ ಗೊತ್ತಾಗಿಬಿಟ್ಟಿತು. ಅಲ್ಲಿಂದ ಮುಂದೆ ಒಬ್ಬನೂ ಲಗೂ ಏಳಲಿಲ್ಲ. ಒಬ್ಬನಂತೂ ನೋಡಬೇಕಾದ ಕಣ್ಣನ್ನೇ ಮುಚ್ಚಿಕೊಂಡು ನಾಲ್ಕು ನಿಮಿಷ ಕೂತು, ಬರೀ ಕತ್ತಲೆ ನೋಡಿ ಎದ್ದ. ಅವನಿಗೆ ಭೇಷ್ ಸಿಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ನನ್ನ ಸರದಿ ಬಂತು. ಗಾಜಿನಂಥ ಮೈಯ ಒಂದು ಜೀವ ಈಜುತ್ತ ಬಂದು ಯಾವುದಕ್ಕೋ ಡಿಕ್ಕಿ ಹೊಡೆಯಿತು, ಹಿಂದೆ ಸರಿಯಿತು, ತುಸು ತಿರುಗಿ ಬೇರೆ ದಾರಿ ಹಿಡಿಯಿತು. ಅದಕ್ಕೂ ಎಲ್ಲಿಗೋ ಹೋಗುವುದಿತ್ತು! ಕೆರೆಯಲ್ಲಿ ಇವು ಇದ್ದರೆ ನಾವು ಕುಡಿಯುವ ನೀರಿನಲ್ಲಿ? ಲೋಕದಲ್ಲಿ ಅದಕ್ಕಿಂತ ಶುದ್ಧವಾದದ್ದಿಲ್ಲ ಎಂದು ಅಜ್ಜಿ ಹೇಳುವ ಮಡಿನೀರಿನಲ್ಲಿ? ಕೂತಿರಲಾಗಲಿಲ್ಲ. ಎದ್ದು ಮನೆಯತ್ತ ಓಡಿದೆ. "ಹತ್ತು ಸೆಕೆಂಡು" ಎಂದು ಸರ್ ಹಿಂದಿನಿಂದ ಹೇಳಿದ್ದೂ ಹುಡುಗರು ನಕ್ಕಿದ್ದೂ ಕೇಳಿಸಿತು.

ಮನೆಯಲ್ಲಿ ಔಷಧದ ಖಾಲಿ ಸೀಸೆಯನ್ನು ತೊಳೆದು ಮಡಿನೀರಿನ ಹಂಡೆಯಲ್ಲಿ ಅದ್ದಿದೆ. ಅಜ್ಜಿ ದೇವರಮನೆಯಿಂದ ಹೊರಗೆ ಬಂದದ್ದೂ ಆಗಲೇ.

"ಸಾಲಿ ಪರಕಾರ ಉಟ್ಗೊಂಡು ಮಡಿನೀರು ಮುಟ್ಟಿದೇನ! ನಿನಗ ಬುದ್ಧಿ ಯಾವಾಗ ಬರೂದು?"

ಮುಂಜಾನೆ ಒದ್ದೆ ಸೀರೆಯಲ್ಲಿ ತಾನೇ ಬಾವಿಯಿಂದ ಸೇದಿ ತಂದಿದ್ದ ನೀರನ್ನು ಅಷ್ಟೂ ಬಾಳೆಗಿಡಕ್ಕೆ ಸುರಿದು, ಮತ್ತೆ ಹಗ್ಗ ಹಿಡಿದು ಬಾವಿಗೆ ಹೋದಳು. ಆ ಬಾಗಿದ ಬೆನ್ನು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ. ಆದರೂ ಸೀಸೆ ಬಿಡದೆ ಶಾಲೆಗೆ ಓಡಿದೆ.

ಹುಡುಗರೆಲ್ಲ ಹೋಗಿದ್ದರು. ಸರ್ ಹನ್ನೊಂದು ಹೆಸರು ಬರೆದು, ಹನ್ನೆರಡನೆಯದಕ್ಕೆ ಯೋಚಿಸುತ್ತ ಕೂತಿದ್ದರು.

"ಇದು ಮಡಿನೀರ್ರಿ ಸರ್. ಇದರಾಗೂ ಅದಾವೇನು, ನೋಡ್ಬೇಕ್ರಿ."

ಸರ್ ಮನೆಯಲ್ಲೂ ಮಡಿ ಜೋರು. ಆದರೂ ನಳಿಗೆಯಿಂದ ಗಾಜಿನ ಮೇಲೆ ಹನಿ ಹಾಕಿದರು. ನೋಡಿದೆ, ಎಲ್ಲೂ ಏನೂ ಅಲುಗಾಡಲಿಲ್ಲ.

"ಏನೂ ಇಲ್ರಿ."

"ಅಂದ್ರ ನಿಮ್ಮಜ್ಜಿ ಹೇಳೂದು ಖರೇ ಆತು. ಹೋಗವಾ ಇನ್ನ, ಹೋಗಿ ಅಕಿಗೆ ಹೇಳು."

ಹೇಳಿದ್ದರೆ ಅಜ್ಜಿಯ ಸಿಟ್ಟು ಇಳಿಯುತ್ತಿತ್ತು. ನನಗೂ ಅದೇ ಬೇಕಿತ್ತು. ಆದರೆ ಏಳಲು ಮನಸ್ಸು ಬರಲಿಲ್ಲ.

"ಈ ಹನಿಯೊಳಗ ಇಲ್ರಿ, ಅಷ್ಟ. ಹಂಡೆ ತುಂಬ ನೀರಿತ್ರಿ. ಇನ್ನೊಂದು ಹನಿ ನೋಡ್ಲೇನ್ರಿ?"

ಸರ್ ನನ್ನ ಮುಖವನ್ನೇ ನೋಡಿದರು. ಪಟ್ಟಿಯ ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರೆದರು. ಆಮೇಲೆ, ಅಲ್ಲಿಯವರೆಗೆ ಯಾವ ವಿದ್ಯಾರ್ಥಿಗೂ ಮುಟ್ಟಗೊಡದಿದ್ದ ಗಾಜಿನ ನಳಿಗೆಯನ್ನು ನನ್ನ ಕೈಗೆ ಕೊಟ್ಟು, "ಹನಿ ನೀನ ಹಾಕು" ಎಂದರು.