ನಮ್ಮ ಮನೆಯ ನಿಯಾಂಡರ್ತಾಲ್ ಹಲ್ಲು

ಮೊನ್ನೆ ಆರ್.ಟಿ. ನಗರದ ಹಲ್ಲಿನ ಡಾಕ್ಟರು ಕೈಗೊಂದು ಕನ್ನಡಿ ಕೊಟ್ಟು ನನ್ನ ಬಾಯಿಯನ್ನು ನನಗೇ ತೋರಿಸಿದರು. ಐವತ್ತು ದಾಟಿದ ಮೇಲೆ ಬಾಯೊಳಗೆ ಇಣುಕುವುದು ಅಷ್ಟೇನೂ ಸುಖದ ಕೆಲಸವಲ್ಲ, ಬೇಕಿದ್ದರೆ ನೀವೂ ಒಮ್ಮೆ ನೋಡಿಕೊಳ್ಳಿ. ಮೇಲಿನ ಮುಂಬಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು.

"ಏನ್ ಆಂಟಿ, ಬಾಟ್ಲಿ ಮುಚ್ಚಳ ಎಲ್ಲ ಹಲ್ಲಲ್ಲೇ ತೆಗೀತೀರಾ?" ಎಂದರು ಡಾಕ್ಟರು. ನನ್ನ ಮಗಳ ವಯಸ್ಸಿನ ಹುಡುಗಿ.

"ಇಲ್ಲಮ್ಮ, ಸೀರೆಗೆ ಕುಚ್ಚು ಕಟ್ತೀನಿ. ದಾರ ಹಲ್ಲಲ್ಲಿ ಹಿಡ್ಕೋತೀನಿ."

"ಈ ಕಾಲದಲ್ಲೂ? ಹಂಗಾದ್ರೆ ನೀವು ನಿಯಾಂಡರ್ತಾಲ್ ಬಿಡಿ!" ಎಂದು ನಕ್ಕು, "ಫಿಲ್ಲಿಂಗ್ ಮಾಡಿ ಮುಚ್ಬಿಡೋಣ, ಯಾರಿಗೂ ಗೊತ್ತಾಗಲ್ಲ" ಎಂದರು.

ಪಾಪ, ಆ ಹುಡುಗಿಯ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಆ ಪದಕ್ಕೂ ನನಗೂ ಹಳೆಯ ಜಗಳವಿದೆ. ನಾಳೆ ಬರುತ್ತೇನೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ನಮ್ಮ ಗಲ್ಲಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತು ಕುಚ್ಚು ಕಟ್ಟುತ್ತಿದ್ದಳು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಯಾರದೋ ಮದುವೆ ಸೀರೆಯ ಸೆರಗು. ರೇಷ್ಮೆ ಎಳೆಗಳ ತುದಿಯನ್ನು ಹಲ್ಲಲ್ಲಿ ಬಿಗಿಯಾಗಿ ಹಿಡಿದು, ಎರಡೂ ಕೈಯಿಂದ ಜರಿ ಸುತ್ತುತ್ತಿದ್ದಳು. ಹಿಡಿದ ತುದಿಯನ್ನು ಕೊನೆಗೆ ಕತ್ತರಿಸಿ ಎಸೆಯುವುದು ರೂಢಿ. ಗಲ್ಲಿಯ ಹೆಂಗಸರೆಲ್ಲ ತಮ್ಮ ಮನೆಯ ಗುಟ್ಟು ಹೇಳಿಕೊಳ್ಳಲು ಅವಳ ಹತ್ತಿರವೇ ಬರುತ್ತಿದ್ದರು. ಬಾಯ್ತುಂಬ ದಾರ ಇಟ್ಟುಕೊಂಡವಳು ಇನ್ನೊಬ್ಬರಿಗೆ ಹೇಳುವುದಾದರೂ ಹೇಗೆ ಎಂಬ ನಂಬಿಕೆ ಇರಬೇಕು. ಅವಳ ಒಂದೇ "ಹ್ಞೂಂ"ನಲ್ಲಿ ಸಮಾಧಾನವೂ ಇರುತ್ತಿತ್ತು, ಬೈಗುಳವೂ ಇರುತ್ತಿತ್ತು. ನಾನು ಕುಚ್ಚು ಕಟ್ಟಲು ಕಲಿತದ್ದೂ ಅಲ್ಲಿಯೇ.

ಒಂದು ದಿನ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಮಗಳ ಧಾರೆ ಸೀರೆ ತೆಗೆದುಕೊಂಡು ತಂಗಿಯೊಂದಿಗೆ ಬಂದರು. ಅಮ್ಮನ ಬಾಯಿ ನೋಡಿದವರೇ, "ಥೂ, ಎಂಜಲಾಗಲ್ವೇನ್ರೀ?" ಎಂದರು. ತುದಿ ಕತ್ತರಿಸಿಬಿಡುತ್ತೇನೆ ಎಂದು ಅಮ್ಮ ತೋರಿಸಿದಳು. ಮೇಡಂ ತಂಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ನನಗೆ ಕೇಳಿಸಿದ್ದು ನಿಯಾಂಡರ್ತಾಲ್ ಎಂಬ ಒಂದೇ ಪದ. ತಂಗಿ ಸೆರಗು ಅಡ್ಡ ಹಿಡಿದು ನಕ್ಕಳು.

ಅವರು ಹೋದ ಮೇಲೆ ಅಮ್ಮ ಕೇಳಿದಳು, "ಏನಂದ್ರೇ ಆಯಮ್ಮ?"

"ತುಂಬಾ ಚೆನ್ನಾಗ್ ಕಟ್ತೀರ ಅಂದ್ರಮ್ಮ."

ಅಮ್ಮ ಹಿಗ್ಗಿ ಆ ಸೀರೆಗೆ ಕೇಳದೆಯೇ ಒಂದು ಸಾಲು ಮಣಿ ಹೆಚ್ಚಿಗೆ ಹಾಕಿದಳು.

ಮಾರನೇ ದಿನ ಶಾಲೆಯ ನಿಘಂಟಿನಲ್ಲಿ ಹುಡುಕಿದೆ. ಅಳಿದುಹೋದ ಒಂದು ಮಾನವ ಜಾತಿ. ಒರಟ, ನಾಗರಿಕತೆ ಇಲ್ಲದವನು. ಅಷ್ಟೇ ಓದಿ ಪುಸ್ತಕ ಮುಚ್ಚಿದೆ. ಮನೆಗೆ ಬಂದವಳೇ, "ಇನ್ಮೇಲೆ ಹೊರಗೆ ಕೂತ್ಕೋಬೇಡಮ್ಮ, ಎಲ್ರೂ ನೋಡ್ತಾರೆ" ಎಂದೆ. ಅಮ್ಮ ನನ್ನ ಮುಖ ನೋಡಿ, ದಿಂಬು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ, ಗೋಡೆಗೆ ಮುಖ ಮಾಡಿ ಕೂತೇ ಕೆಲಸ. ಗುಟ್ಟು ಹೇಳುವವರು ಬರುವುದೂ ನಿಂತಿತು. ಅವಳ ಪಕ್ಕದಲ್ಲಿ ಕೂತು ನಾನೂ ಬಾಗಿಲು ಹಾಕಿಕೊಂಡೇ ಹಲ್ಲು ಸವೆಸಿದೆ.

ಮೊನ್ನೆ ಕ್ಲಿನಿಕ್ಕಿನಿಂದ ಬಂದವಳು ಬಸ್‌ಸ್ಟಾಪಿನಲ್ಲಿ ಕೂತು, ಎದುರಿಗೆ ನಿಂತ ಮೂರು ಬಸ್ಸು ಬಿಟ್ಟು, ಮೊಬೈಲಿನಲ್ಲಿ ಆ ಪದದ ಜಾತಕವನ್ನೆಲ್ಲ ಓದಿದೆ. ಮೊದಲನೆಯದಾಗಿ, ಅದು ಜರ್ಮನಿಯ ಒಂದು ಕಣಿವೆಯ ಹೆಸರು. ಆ ಅಳಿದುಹೋದ ಜನರ ಮೂಳೆ ಅಲ್ಲಿ ಸಿಕ್ಕಿತಂತೆ, ಅದಕ್ಕೆ ಆ ಹೆಸರು. ಒಬ್ಬರನ್ನು ಗೊರಗುಂಟೆಪಾಳ್ಯದವರು ಎಂದರೆ ಅದು ಬೈಗುಳವೇ? ಸಂಜೆ ಆರು ಗಂಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ಇರಬಹುದು, ಅದು ಬೇರೆ ಮಾತು. ಇನ್ನೂ ಓದಿದೆ. ಅವರು ನಾರು ಹೊಸೆದು ಹುರಿ ಮಾಡುತ್ತಿದ್ದರಂತೆ. ಅವರ ಮುಂಬಲ್ಲುಗಳು ಸವೆದಿವೆಯಂತೆ, ಏಕೆಂದರೆ ತೊಗಲನ್ನೋ ಇನ್ನೇನನ್ನೋ ಹಲ್ಲಲ್ಲಿ ಕಚ್ಚಿ ಹಿಡಿದು ಎರಡು ಕೈಯಿಂದ ಕೆಲಸ ಮಾಡುತ್ತಿದ್ದರೆಂದು ತಿಳಿದವರು ಹೇಳುತ್ತಾರೆ. ಅವರ ರಕ್ತದ ಪಾಲು ಇಷ್ಟಿಷ್ಟು ನಮ್ಮಲ್ಲೂ ಉಳಿದಿದೆಯಂತೆ. ಅಂದರೆ ಮೇಡಂನಲ್ಲೂ, ಸೆರಗು ಅಡ್ಡ ಹಿಡಿದು ನಕ್ಕ ಅವರ ತಂಗಿಯಲ್ಲೂ.

ಆ ಹೆಸರನ್ನು ಬೈಗುಳ ಮಾಡಿದವರು ಯಾರು ಸ್ವಾಮಿ? ಕೈ ಸಾಲದೆ ಹಲ್ಲನ್ನೂ ಕೆಲಸಕ್ಕೆ ಹಚ್ಚಿದವರನ್ನು ಹೀಗಳೆಯುವ ಹಕ್ಕು, ಕಟ್ಟಿದ ಕುಚ್ಚು ಹಾಕಿಕೊಂಡು ಮೆರೆಯುವವರಿಗೆ ಯಾರು ಕೊಟ್ಟರು? ಅಲ್ಲೇ ಕೂತು ಸಿಟ್ಟಿನಲ್ಲಿ ಕುದ್ದುಹೋದೆ. ಆದರೆ ಅಮ್ಮನನ್ನು ಒಳಗೆ ಕಳಿಸಿದ್ದು ಮೇಡಂ ಅಲ್ಲವಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವತ್ತಿನ ಸುಳ್ಳು, ನಿಘಂಟು, ಕಣಿವೆ, ಹಲ್ಲು. ಎಂಬತ್ತರ ಹತ್ತಿರವಿರುವ ಅಮ್ಮ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆಯಮ್ಮ ಮೂತಿ ನೋಡಿದ್ರೇ ಹೊಗಳಿಲ್ಲ ಅಂತ ಗೊತ್ತಾಗಿತ್ತು ಕಣೆ."

"ಮತ್ತೆ ಮಣಿ ಯಾಕ್ ಹಾಕ್ದೆ?"

"ನೀನು ನನಗೋಸ್ಕರ ಸುಳ್ ಹೇಳಿದ್ಯಲ್ಲ, ಖುಷಿ ಆಯ್ತು. ಆಯಮ್ಮ ಏನಂದ್ರೂ ನಾನು ಜಗಲಿ ಬಿಡ್ತಿರ್ಲಿಲ್ಲ. ಮಾರನೇ ದಿನ ನಾಚ್ಕೊಂಡವಳು ನೀನು. ಅದನ್ನ ನೋಡಕ್ಕಾಗ್ದೆ ಒಳಗ್ ಹೋದೆ."

ನಾನು ಎದ್ದೆ. ದಿಂಬನ್ನೂ ಸೀರೆಯನ್ನೂ ಎತ್ತಿಕೊಂಡು ಹೋಗಿ ಜಗಲಿಯ ಮೇಲಿದ್ದ ಹೂಕುಂಡಗಳನ್ನು ಕೆಳಗಿಳಿಸಿದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಕೂತಳು. ಈಗ ಅವಳದು ಕಟ್ಟಿಸಿದ ಹಲ್ಲು, ದಾರ ಎಳೆದರೆ ಸೆಟ್ಟೇ ಕಿತ್ತು ಬರುತ್ತದೆ. ಎಳೆಗಳ ತುದಿಯನ್ನು ನನ್ನತ್ತ ಚಾಚಿ, "ಹಿಡ್ಕೋ. ಬಿಗಿಯಾಗಿ" ಎಂದಳು. ನಾನು ಆ ಕಚ್ಚಿನಲ್ಲೇ ಕಚ್ಚಿ ಹಿಡಿದೆ. ಅಮ್ಮ ಜರಿ ಸುತ್ತತೊಡಗಿದಳು.

ಸ್ಕೂಟರಿನಲ್ಲಿ ಹೋಗುತ್ತಿದ್ದ ಎದುರುಮನೆಯಾಕೆ ಬ್ರೇಕು ಹಾಕಿ, "ಏನ್ರೀ ಇದು, ತಾಯಿ ಮಗಳು ಬೀದೀಲಿ ಕೂತ್ಕೊಂಡು?" ಎಂದರು. ಹೇಳಬೇಕಾದದ್ದು ಬಹಳವಿತ್ತು. ಬಾಯಿ ಬಿಟ್ಟರೆ ಅಮ್ಮನ ಗಂಟು ಸಡಿಲವಾಗುತ್ತದೆ. ತಲೆ ಎತ್ತಿ ಅವರ ಮುಖವನ್ನೇ ನೋಡುತ್ತಾ "ಹ್ಞೂಂ" ಎಂದೆ.