ಮೂವತ್ತೆರಡು ಮಂದಿಗೆ ಒಂದೇ ನೆಲ

ಬೆಳಗಿನ ಐದೂವರೆ. ಹಾವೇರಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಚಹಾದಂಗಡಿ ಬಿಟ್ಟರೆ ತೆರೆದಿರುವುದು ಒಂದು ಝೆರಾಕ್ಸ್ ಅಂಗಡಿ, ಅದೂ ಅರ್ಧ ಶಟರ್. ಬಗ್ಗಿ ಒಳಹೊಕ್ಕರೆ ಕಾಸೀಮಸಾಬ ಅಗಡಿ ಅವರು ಕಂಪ್ಯೂಟರಿನ ಮುಂದೆ ಕೂತು ನದಿಯೊಂದನ್ನು ತಿರುಗಿಸುತ್ತಿದ್ದಾರೆ. ಮೌಸ್ ಒಂದಿಷ್ಟು ಎಡಕ್ಕೆ ಸರಿಯುತ್ತದೆ, ನದಿ ಗುಡ್ಡ ಹತ್ತಿಬಿಡುತ್ತದೆ. "ನೀರು ಎಲ್ಲೆರ ಏರಿ ಹತ್ತತೈತೇನೋ ಮಾರಾಯಾ" ಎಂದು ತಮ್ಮನ್ನೇ ಬೈದುಕೊಂಡು ಅಳಿಸುತ್ತಾರೆ. ನನ್ನ ಕಡೆ ತಿರುಗದೆಯೇ, "ಕುಂದ್ರಿ, ಚಾ ಬರತೈತಿ" ಅನ್ನುತ್ತಾರೆ.

ನಲವತ್ತೇಳರ ಈ ಮನುಷ್ಯ ಹಗಲೆಲ್ಲ ಮಾಡುವುದು ಬೇರೆಯೇ ಕೆಲಸ. ಪಹಣಿ, ಅಂಕಪಟ್ಟಿಗಳ ಝೆರಾಕ್ಸ್, ಅರ್ಜಿ ಟೈಪು, ಮದುವೆ ಕಾರ್ಡಿನ ಅಕ್ಷರ ಜೋಡಣೆ. ಅವರ ಹೆಸರು ಕೇಳಿದರೆ ಅಂಗಡಿಗೆ ನಿತ್ಯ ಬರುವವರೂ 'ಯಾರ್ರೀ ಅವರು' ಅಂದಾರು. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಮೂವತ್ತೆರಡು ಮಂದಿ ತಿಂಗಳ ಮೊದಲ ಸೋಮವಾರ ಇವರು ಕಳಿಸುವ ಫ್ಲಾಪಿಯ ದಾರಿ ಕಾಯುತ್ತಾರೆ.

ಫ್ಲಾಪಿಯಲ್ಲಿರುವುದು ಕಂಪ್ಯೂಟರ್ ಆಟವೊಂದರ ನಕಾಶೆ. ಅಂಥ ಆಟವೆಂದರೆ ಮೂಗು ಮುರಿಯುವವರ ಪೈಕಿ ನಾನು. ಕಾಸೀಮಸಾಬರು ಅದನ್ನು ನನಗೆ ಚೌಕಾಬಾರದ ಲೆಕ್ಕದಲ್ಲಿ ತಿಳಿಸಿ ಹೇಳುತ್ತಾರೆ. ಒಮ್ಮೆ ನೀವು ನಡೆಸಬೇಕು, ಒಮ್ಮೆ ಕಂಪ್ಯೂಟರ್ ನಡೆಸುತ್ತದೆ. ಅವಸರವಿಲ್ಲ. ಕಲ್ಲಿನ ಕಾಲದಲ್ಲಿ ಒಂದು ಗುಂಪು ಜನರೊಂದಿಗೆ ಶುರು. ಊರು ಕಟ್ಟಬೇಕು, ಹೊಲ ಮಾಡಬೇಕು, ಅಕ್ಷರ ಕಲಿಯಬೇಕು, ನೆರೆಯ ರಾಜನ ಸಂಗಡ ದೋಸ್ತಿಯೋ ಜಗಳವೋ ಮಾಡಬೇಕು. ಪರದೆಯೆಲ್ಲ ಕಪ್ಪು. ನಿಮ್ಮ ಮಂದಿ ನಿಂತಷ್ಟು ಜಾಗ ಮಾತ್ರ ಬೆಳಕು. ನಡೆದಷ್ಟೂ ನೆಲ ತೆರೆದುಕೊಳ್ಳುತ್ತ ಹೋಗುತ್ತದೆ.

ಮೂರು ವರ್ಷದ ಹಿಂದೆ, 2003ರಲ್ಲಿ, ಅಂಗಡಿಯ ಮಾಲೀಕರು ಈ ಆಟದ ಸಿ.ಡಿ. ತಂದಿದ್ದರು. ಆಡಿದವರೆಲ್ಲ ಜಗಳಕ್ಕೆ ಬಿದ್ದರು. ಗೆದ್ದವನನ್ನು ಕಂಡು ಸೋತವನು 'ನಿನಗ ನದಿ ದಂಡಿ ಸಿಕ್ಕಿತ್ತು, ನನಗ ಬರೇ ಮರಳು' ಅನ್ನುವುದು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದ ಕಾಸೀಮಸಾಬರು, ಎಲ್ಲರಿಗೂ ಒಂದೇ ನೆಲ ಕೊಡುತ್ತೇನೆ, ಎಷ್ಟು ತಾಕತ್ತಿದೆ ನೋಡೋಣ ಎಂದರು. ಅಂದಿನಿಂದ ಶುರುವಾಯಿತು ಈ ತಿಂಗಳ ಪಂದ್ಯ. ಆಟದ ಜೊತೆಗೇ ನಕಾಶೆ ಬರೆಯುವ ಕಿಟಕಿಯೊಂದಿದೆ, ಅದರಲ್ಲಿ ಇವರು ನೆಲ ಬರೆಯಬೇಕು. ಆ ಒಂದೇ ನಕಾಶೆಯ ಮೇಲೆ ಎಲ್ಲರೂ ತಮ್ಮ ತಮ್ಮ ಊರಲ್ಲಿ ಆಡಬೇಕು. ನಡೆಸಿದ ನಡೆ ಹಿಂದೆ ತೆಗೆದುಕೊಳ್ಳುವಂತಿಲ್ಲ. ತಿಂಗಳ ಕೊನೆಯಲ್ಲಿ ಆಟದ ಪ್ರತಿಯ ಜೊತೆ, ಎಲ್ಲಿ ಗೆದ್ದೆ, ಎಲ್ಲಿ ಎಡವಿದೆ ಎಂದು ಒಂದು ಹಾಳೆ ಬರೆದು ಕಳಿಸಬೇಕು. ಬಹುಮಾನ ಏನೂ ಇಲ್ಲ. ಆ ಹಾಳೆಗಳನ್ನು ಒಬ್ಬರದೊಬ್ಬರು ಓದಿ ನಗುವುದೇ ಬಹುಮಾನ.

ಕಾಸೀಮಸಾಬರಿಗೆ ನಕಾಶೆ ಹೊಸದಲ್ಲ. ಹದಿನೇಳು ವರ್ಷ ಖಾಸಗಿ ಸರ್ವೆಯರ್ ಒಬ್ಬರ ಕೈಕೆಳಗೆ ಟ್ರೇಸರ್ ಆಗಿದ್ದವರು. ಹರಿದ ಗ್ರಾಮನಕಾಶೆಗಳ ಮೇಲೆ ಕೆಳಗಿನದು ಕಾಣುವ ತೆಳು ಮೇಣದ ಬಟ್ಟೆ ಹಾಸಿ ಗೆರೆ ಗೆರೆ ನಕಲಿಸಿದವರು. ಕಂಪ್ಯೂಟರ್ ಬಂದದ್ದೇ ಆ ಕೆಲಸ ಹೋಯಿತು. ಎಡಗಣ್ಣು ಅಷ್ಟರಲ್ಲಿ ಮಬ್ಬಾಗಿತ್ತು. ಎರಡು ವರ್ಷ ಸಿಕ್ಕ ಕೂಲಿ ಮಾಡಿ, ನಲವತ್ತರ ಮೇಲೆ ಇದೇ ಅಂಗಡಿಯಲ್ಲಿ ಟೈಪಿಂಗ್ ಕಲಿತರು. "ನನ್ನ ಕೆಲಸಾ ಕಸಗೊಂಡಿದ್ದೂ ಇದss, ಹೊಳ್ಳಿ ಕೊಟ್ಟಿದ್ದೂ ಇದss" ಎಂದು ಕೀಬೋರ್ಡ್ ತಟ್ಟುತ್ತಾರೆ. ಕೈ ಮಾತ್ರ ಇಂದಿಗೂ ಮೌಸನ್ನು ಪೆನ್ನಿನ ಹಾಗೆಯೇ ಹಿಡಿಯುತ್ತದೆ.

ದಿನಾ ನಸುಕಿನಲ್ಲಿ ಅಗಡಿಯಿಂದ ಸೈಕಲ್ ತುಳಿದು ಬರುತ್ತಾರೆ. ಎಂಟಕ್ಕೆ ಅಂಗಡಿ ತೆರೆಯುವವರೆಗಿನ ಹೊತ್ತನ್ನು ಮಾಲೀಕರು ಇವರಿಗೆ ಬಿಟ್ಟುಕೊಟ್ಟಿದ್ದಾರೆ. ಒಂದು ನಕಾಶೆಗೆ ಹದಿನೆಂಟು ಮುಂಜಾನೆ ಬೇಕು. ಹನ್ನೆರಡು ಮುಂಜಾನೆ ಬರೆಯಲಿಕ್ಕೆ, ಆರು ತಪಾಸಿಗೆ. ಐವತ್ತು ಸುತ್ತಿನ ತನಕ ಮೂರು ಬಾರಿ ತಾವೇ ಆಡಿ ನೋಡುತ್ತಾರೆ. "ಇಡೀ ದುನಿಯಾ ಅವರ ಕೈಯಾಗ ಐತ್ರಿ, ಮನೀಗೆ ಸಕ್ಕರಿ ತರೂದಷ್ಟ ನೆನಪಿರಂಗಿಲ್ಲ" ಎಂದು ಅವರ ಹೆಂಡತಿ ಶರೀಫಾಬಿ ಚುಚ್ಚುತ್ತಾರೆ.

ಇಷ್ಟೊಂದು ತಪಾಸು ಯಾಕೆ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಮೂರನೆಯ ನಕಾಶೆಯಲ್ಲಿ ಎಲ್ಲರನ್ನೂ ಒಂದು ನಡುಗಡ್ಡೆಯ ಮೇಲೆ ಇಳಿಸಿದ್ದರು. ಸುತ್ತ ಆಳ ಸಮುದ್ರ, ದೋಣಿ ದಾಟಲು ದಾರಿಯೇ ಇರಲಿಲ್ಲ. ಮೂವತ್ತು ಮಂದಿ ತಿಂಗಳಿಡೀ ಅಲ್ಲೇ ಗಿರಕಿ ಹೊಡೆದರು. ರಾಣೇಬೆನ್ನೂರಿನ ಬೀಜದಂಗಡಿಯ ಸೋಮಣ್ಣ, ಹಳೆಯ ಆಟಗಾರ, ಅಂಗಡಿಗೇ ಬಂದು ಜಾಡಿಸಿದರಂತೆ: "ಸಾಬರ, ನಮ್ಮನ್ನ ಬಾವ್ಯಾಗ ಇಳಿಸಿ ಹಗ್ಗಾ ಜಗ್ಗಿಕೊಂಡೀರಲ್ರಿ!" ಅಂದಿನಿಂದ ತಪಾಸಾಗದ ನಕಾಶೆ ಈ ಶಟರ್ ದಾಟಿಲ್ಲ. ಈ ತಿಂಗಳದ್ದು ಮೂವತ್ತೊಂದನೆಯದು, ತಪಾಸು ಮುಗಿದು ಲಕೋಟೆ ಸೇರಿದೆ; ನಾನು ಬಂದಾಗ ಗುಡ್ಡ ಹತ್ತಿದ್ದು ಮುಂದಿನದರ ನದಿ.

ನೆಲ ಬರೆದವನಿಗೆ ಆ ನೆಲದ ಆಟ ಇಲ್ಲ. ಬೆಟ್ಟದ ಹಿಂದೆ ಕಬ್ಬಿಣ ಎಲ್ಲಿದೆ, ಯಾವ ರಾಜ ಎಲ್ಲಿ ಕೂತಿದ್ದಾನೆ, ಎಲ್ಲ ಗೊತ್ತಿದ್ದವರು ಪಂದ್ಯ ಆಡುವುದು ಹೇಗೆ? ಆಟಗಾರರು ಫೋನ್ ಮಾಡಿ 'ಗುಡ್ಡದ ಆಚೀಕ ಏನೈತ್ರಿ' ಎಂದು ಪೀಡಿಸುತ್ತಾರೆ. ಇವರದು ಒಂದೇ ಉತ್ತರ, "ನಡದ ನೋಡ್ರಿ." ಫೋನ್ ಇಟ್ಟು ಮತ್ತೆ ಮೌಸ್ ಹಿಡಿಯುತ್ತಾರೆ. "ಖರೇ ಹೇಳ್ತೇನ್ರಿ, ಹೊಟ್ಟಿ ಉರಿತೈತಿ. ಒಂದ ಸಲ ನಾನೂ ಎಲ್ಲಾರ ಕೂಡ ಗೊತ್ತಿಲ್ಲದ ನೆಲದ ಮ್ಯಾಲ ಕಾಲಿಡಬೇಕು. ಅಷ್ಟ ನೋಡ್ರಿ ನನ್ನ ಆಸೆ."

ಆ ಆಸೆ ಎರಡು ಸಲ ಕೈಗೆ ಬಂದು ಜಾರಿದೆ. ಜಾರಿಸಿದವರೂ ಅವರೇ! ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹದಲ್ಲಿ ಗುಮಾಸ್ತೆಯಾಗಿರುವ ಶ್ವೇತಾ ಹೋದ ವರ್ಷ ಇವರಿಗಾಗಿಯೇ ತಿಂಗಳುಗಟ್ಟಲೆ ಕೂತು ಒಂದು ನಕಾಶೆ ಬರೆದು ಕಳಿಸಿದಳು. ಕಾಸೀಮಸಾಬರ ಕೈ ರೂಢಿಯಂತೆ ಅದನ್ನು ಆಟದಲ್ಲಿ ತೆರೆಯದೆ, ನಕಾಶೆ ಬರೆಯುವ ಕಿಟಕಿಯಲ್ಲಿ ತೆರೆಯಿತು. ಇಡೀ ಭೂಮಿ ಬೆಳಕಿನಲ್ಲಿ ಹರವಿಕೊಂಡು ಎದುರಿಗೆ! ಎರಡು ನದಿ ತಿದ್ದಿದ ಮೇಲೆಯೇ ಏನು ಮಾಡಿಕೊಂಡೆನೆಂಬುದು ತಲೆಗೆ ಹೊಳೆದದ್ದು. ಆರು ತಿಂಗಳ ಮೇಲೆ ಸೋಮಣ್ಣ ಬರೆದು ಕಳಿಸಿದ್ದಕ್ಕೂ ಅದೇ ಗತಿ. "ಕೈಗೆ ಬುದ್ಧಿ ಇಲ್ರಿ. ಆ ಹುಡುಗಿ ಎರಡ ತಿಂಗಳ ಮಾತಾಡ್ಲಿಲ್ಲ ನನ್ನ ಕೂಡ. ಆಕೀದು ತಪ್ಪಲ್ಲ" ಎನ್ನುವಾಗ ಅವರ ದನಿ ಇಳಿಯುತ್ತದೆ.

ಆರೂಕಾಲಿಗೆ ಬ್ಯಾಡಗಿಯಿಂದ ಬಂದ ಬಸ್ಸಿನ ಕಂಡಕ್ಟರ್ ಶಟರ್ ಬಡಿಯುತ್ತಾನೆ. ಕಾಸೀಮಸಾಬರು ಈ ತಿಂಗಳ ಫ್ಲಾಪಿಯ ಲಕೋಟೆಯನ್ನು ಅವನ ಕೈಗಿಡುತ್ತಾರೆ, ಅವನು ಇನ್ನೊಂದನ್ನು ಇವರ ಕೈಗಿಡುತ್ತಾನೆ. ಬಾಯಿಗೆ ಅರಗು ಒತ್ತಿದ ಲಕೋಟೆ. ಒಳಗೆ ಫ್ಲಾಪಿ, ಜೊತೆಗೆ ಶ್ವೇತಾಳ ಚೀಟಿ. ಒಂದು ಕಣ್ಣು ಮುಚ್ಚಿ ಗಟ್ಟಿಯಾಗಿ ಓದುತ್ತಾರೆ:

"ಕಾಕಾ, ಇದು ಮುಂದಿನ ತಿಂಗಳದ್ದು. ನಾನು, ಸೋಮಣ್ಣಾರು ಇಬ್ಬರೂ ಮೂರು ಮೂರು ಸಲ ತಪಾಸ ಮಾಡೇವಿ. ಈ ಸಲ ನಾವಿಬ್ಬರೂ ಆಡೂದಿಲ್ಲ. ಆಡೂವರ ಪಟ್ಟ್ಯಾಗ ನಿಮ್ಮ ಹೆಸರು ಬರದೇನಿ. ದಯಮಾಡಿ ತಪಾಸ ಮಾಡಬ್ಯಾಡ್ರಿ."

ಕಾಸೀಮಸಾಬರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಇಡುತ್ತಾರೆ. ಫ್ಲಾಪಿ ಒಳಗೆ ಹೋಗಿ ಕರಕರ ಅನ್ನುತ್ತದೆ. ಬಲಗೈ ತಾನಾಗಿ ಮೌಸನ್ನು ಪರದೆಯ ಮೂಲೆಗೆ, ನಕಾಶೆ ಬರೆಯುವ ಆ ಕಿಟಕಿಯ ಚಿತ್ರದ ಕಡೆಗೆ ಜಾರಿಸುತ್ತಿದೆ. ನನಗೇನು ಸಂಬಂಧ ಹೇಳಿ! ಆದರೂ "ಸಾಬರೇ!" ಎಂದು ಕೂಗಿಯೇಬಿಡುತ್ತೇನೆ.

ಕೈ ನಿಲ್ಲುತ್ತದೆ. "ನದಿ ಗುಡ್ಡಾ ಹತ್ತಿದ್ದರ ಏನ್ ಮಾಡೂದ್ರಿ?" ಎಂದು ನನ್ನನ್ನೇ ಕೇಳುತ್ತಾರೆ, ಸಂಕಟದಿಂದ. ಚಹಾ ಆರುತ್ತದೆ. ಕಡೆಗೆ ಅವರೇ ಹೇಳುತ್ತಾರೆ, "ಹತ್ತಲಿ ತಗೋರಿ. ಆಕೀನ ಬರದಾಳ, ಆಕೀನ ನೋಡ್ಯಾಳ." ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಿಂದ, ತಡವರಿಸುತ್ತ, ಆಟವನ್ನು ತೆರೆಯುತ್ತಾರೆ.

ಪರದೆ ಕಪ್ಪಾಗುತ್ತದೆ. ನಡುವೆ ಅಂಗೈಯಗಲ ಹಸಿರು, ಅದರ ಮೇಲೆ ನಾಲ್ಕು ಮಂದಿಯ ಒಂದು ಗುಂಪು, ಅವರ ಬಲಕ್ಕೆ ಕಂದು ಗುಡ್ಡವೊಂದರ ಅಂಚು. ಕಾಸೀಮಸಾಬರು ಕುರ್ಚಿಯನ್ನು ಮುಂದೆ ಎಳೆದುಕೊಳ್ಳುತ್ತಾರೆ. ಎಂಟು ಗಂಟೆಗೆ ಶಟರ್ ಪೂರ್ತಿ ಏಳಬೇಕು, ಅವರಿಗೆ ಅದರ ಖಬರೇ ಇಲ್ಲ.

ಆಟದ ಗಂಧವಿಲ್ಲದ ನನಗೂ ತಡೆಯಲಾಗುವುದಿಲ್ಲ. ಕೇಳುತ್ತೇನೆ: "ಆ ಗುಡ್ಡದ ಆಚೆ ಏನಿದೆ ಸಾಬರೇ?"

ಅವರು ನನ್ನ ಕಡೆ ತಿರುಗುತ್ತಾರೆ. ಮಬ್ಬಾದ ಕಣ್ಣಿನಲ್ಲೂ ನಗು.

"ನನಗೂ ಗೊತ್ತಿಲ್ರಿ!"