ಅಣುಪೆಟ್ಟಿಗೆಯೂ ನಮ್ಮ ಲಾಕರ್ ಕೋಣೆಯೂ

ನಾನು ವಿಜಯವಾಡದ ಪಟಮಟದಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ದಿನಗಳಲ್ಲಿ, ಜಗತ್ತಿನ ಇಬ್ಬರು ದೊಡ್ಡ ಮನುಷ್ಯರು ಯಾರ ಅಣುಬಾಂಬಿನ ಗುಂಡಿ ದೊಡ್ಡದು ಎಂದು ಬಹಿರಂಗವಾಗಿ ಜಗಳಕ್ಕೆ ಬಿದ್ದಿದ್ದರು. ಧಾರವಾಡದ ನಮ್ಮ ಓಣಿಯ ಹುಡುಗರು ಗೋಲಿಗಾಗಿ ಕೂಡ ಇಷ್ಟು ಮರ್ಯಾದೆಗೆಟ್ಟು ಕಿತ್ತಾಡಿದ್ದನ್ನು ನಾನು ಕಂಡಿಲ್ಲ.

ಊಟದ ಹೊತ್ತಿನಲ್ಲಿ ಟಿವಿಯಲ್ಲಿ ಅದೇ ಸುದ್ದಿ. ಅವರಲ್ಲೊಬ್ಬ ಅಧ್ಯಕ್ಷನ ಬೆನ್ನ ಹಿಂದೆ ಸದಾ ಒಬ್ಬ ಸೇನಾಧಿಕಾರಿ ಚರ್ಮದ ಪೆಟ್ಟಿಗೆ ಹಿಡಿದು ನಡೆಯುತ್ತಾನಂತೆ. ಅಧ್ಯಕ್ಷನ ಬಳಿ ಸಂಕೇತದ ಕಾರ್ಡು. ಅದನ್ನು ಓದಿ, ಮಾತಾಡುತ್ತಿರುವವನು ತಾನೇ ಎಂದು ತೋರಿಸಿಕೊಟ್ಟರೆ ಸಾಕು, ಅಪ್ಪಣೆ ಹೊರಟಂತೆ. ಕೆಳಗೆ ಕ್ಷಿಪಣಿ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ಕೀಲಿಕೈ ತಿರುಗಿಸಬೇಕು, ನಿಜ. ಆದರೆ ಅವರು ನೋಡುವುದು ಅಪ್ಪಣೆ ಅಸಲಿಯೇ ಎಂಬುದನ್ನಷ್ಟೆ. ಯಾಕೆ ಎಂದು ಕೇಳುವುದು ಅವರ ಕೆಲಸವಲ್ಲ.

ನಾನು ಮೊಸರನ್ನ ಕಲಸುತ್ತ ನಕ್ಕುಬಿಟ್ಟೆ. ನಮ್ಮಲ್ಲಿ ಒಂದು ಜೊತೆ ಬಳೆ ಹೊರಗೆ ಬರಬೇಕಾದರೂ ಇಬ್ಬರು ಅಧಿಕಾರಿಗಳು ಏಳಬೇಕು. ಲಾಕರ್ ಕೋಣೆಯ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿಕೈ ನನ್ನದು, ಇನ್ನೊಂದು ವಿಶಾಖಪಟ್ಟಣದ ಹಿರಿಯ ಸಹೋದ್ಯೋಗಿಯದು. ಯಾರೇ ಬರಲಿ, "ಈಗ ಯಾಕಮ್ಮಾ?" ಎಂದು ತೆಲುಗಿನಲ್ಲಿ ವಿಚಾರಿಸದೆ ಅವರು ಬಾಗಿಲು ತೆಗೆಯುತ್ತಿರಲಿಲ್ಲ. ಮದುವೆಗೆ ಎಂದರೆ ವರನ ಸಂಬಳವನ್ನೂ ಕೇಳುವರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಲಾಕರ್ ಇಟ್ಟುಕೊಂಡವರಲ್ಲಿ ಒಬ್ಬ ಅಜ್ಜಿ ಇದ್ದರು. ನಮ್ಮ ಧಾರವಾಡದ ಕಡೆಯಿಂದ ತೆಲುಗು ಮನೆಗೆ ಸೊಸೆಯಾಗಿ ಬಂದವರು. ಮನೆಯಲ್ಲಿ ಯಾರಿಗೂ ಕನ್ನಡ ಬಾರದ್ದರಿಂದ, ಬಳೆ ನೋಡುವ ನೆಪದಲ್ಲಿ ನನ್ನೊಡನೆ ಹರಟಲು ಬರುತ್ತಿದ್ದರು. "ಇವು ಮೊಮ್ಮಗಳ ಓದಿಗೆ, ತಮ್ಮಾ. ನನ್ನ ಮಗನ ಕೈಗೆ ಸಿಕ್ಕರ ಉಳಿಯಂಗಿಲ್ಲ," ಎಂದು ಒಮ್ಮೆ ನನಗೇ ಹೇಳಿದ್ದರು.

ರಜೆ ಹಾಕುವವರು ತಮ್ಮ ಕೀಲಿಕೈಯನ್ನು ಮೂರನೆಯ ಅಧಿಕಾರಿಗೆ ಬರೆದು ಒಪ್ಪಿಸಬೇಕೆಂಬುದು ನಿಯಮ. ಅದಕ್ಕೊಂದು ರಿಜಿಸ್ಟರ್, ಮೂರು ಸಹಿ, ಮ್ಯಾನೇಜರರ ಗಂಟುಮುಖ. ನಾನೂ ಹಿರಿಯ ಸಹೋದ್ಯೋಗಿಯೂ ಸುಲಭದ ದಾರಿ ಕಂಡುಕೊಂಡಿದ್ದೆವು: ಹೋಗುವವರು ತಮ್ಮದನ್ನು ಇರುವವರ ಟಿಫಿನ್ ಚೀಲಕ್ಕೆ ಹಾಕಿಬಿಡುವುದು. ಹೀಗಾಗಿ ಅವರು ಮಗಳ ಸೀಮಂತಕ್ಕೆಂದು ಊರಿಗೆ ಹೋದ ವಾರ, ಎರಡೂ ಕೀಲಿಕೈಗಳು ನನ್ನ ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ಹಾಯಾಗಿದ್ದವು. ಅಧ್ಯಕ್ಷ ನಾನೇ, ಪೆಟ್ಟಿಗೆ ಹೊರುವವನೂ ನಾನೇ.

ಆ ವಾರವೇ ಅಜ್ಜಿಯ ಮಗ ಬಂದ. ಕೈಯಲ್ಲಿ ತಾಯಿಯ ಲಾಕರಿನ ಕೀಲಿಕೈ, ಮಗನಿಗೆ ಲಾಕರ್ ತೆಗೆಯಲು ಕೊಡಿ ಎಂದು ತಾಯಿ ಸಹಿ ಹಾಕಿದ ಪತ್ರ. ನಾನು ಆ ಸಹಿಯನ್ನು ಭೂತಗನ್ನಡಿ ಹಿಡಿದು ಎರಡು ಸಲ ತಾಳೆ ನೋಡಿದೆ. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ. ನನ್ನ ಕರ್ತವ್ಯನಿಷ್ಠೆಗೆ ನಾನೇ ಮೆಚ್ಚಿ, ಎರಡೂ ಬೀಗಗಳನ್ನು ಒಬ್ಬನೇ ತೆಗೆದೆ. ಸುಳ್ಳೇಕೆ, ಅಜ್ಜಿಯ ಮಾತು ನೆನಪಾಗಿತ್ತು. ಆದರೆ ಊಟದ ಹೊತ್ತು ಮೀರಿತ್ತು, ಕಾಗದವೂ ಸರಿಯಿತ್ತು.

ಮೂರು ದಿನ ಬಿಟ್ಟು ಅಜ್ಜಿ ಬಂದರು. ಮಗ ಪೆನ್ಷನ್ ಕಾಗದ ಎಂದು ಹೇಳಿ ಸಹಿ ಹಾಕಿಸಿದ್ದನಂತೆ. ಆಟೋನಗರದಲ್ಲಿ ಲಾರಿ ರಿಪೇರಿಯ ಶೆಡ್ ಹಾಕಲು ಬಳೆಗಳನ್ನು ಆಗಲೇ ಮಾರಿಯಾಗಿತ್ತು. ಅವರು ಖಾಲಿ ಲಾಕರಿನೊಳಗೆ ಕೈಯಾಡಿಸುತ್ತ ನಿಂತದ್ದನ್ನು ನೋಡಿ ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಆದರೂ ನೌಕರಿಯ ಬುದ್ಧಿ ನೋಡಿ, ಮೊದಲು ತೆಗೆದದ್ದು ಆ ಪತ್ರವನ್ನೇ.

"ಸಹಿ ನಿಮ್ದ ಐತಲ್ಲ, ಅಜ್ಜಿ?"

ಅವರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

"ಸಹಿ ನಂದ ಐತಿ, ತಮ್ಮಾ. ಅಜ್ಜಿ ಯಾಕ ಬರಲಿಲ್ಲ ಅಂತ ಒಂದ ಮಾತ ಕೇಳಬಾರದಿತ್ತೇನು?"